ಹಳೆಯದು ಬೆಟ್ಟಕ್ಕೆ

ಬೂಟು ಕೇಳಿಕೊಂಡು ಅಂಗಡಿಗೆ ಬಂದವರ ಮುಖವನ್ನು ಯಾಂಗ್ಜಿ ಮೊದಲು ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದಳು. ಗಿಡ್ಡ ಮಣೆಯ ಮೇಲೆ ಕೂರಿಸಿ, ಕಾಲುಚೀಲ ಬಿಚ್ಚಿಸಿ, ಹಿಮ್ಮಡಿಯನ್ನು ಅಂಗೈಯಲ್ಲಿಟ್ಟುಕೊಂಡು, ಆಲೂಗಡ್ಡೆಯ ತೂಕ ನೋಡುವವಳ ಹಾಗೆ ಒಂದು ಗಳಿಗೆ ಸುಮ್ಮನಿರುತ್ತಿದ್ದಳು. ದೂರದೇಶದವರು ನಾಚಿ ಕಾಲು ಎಳೆದುಕೊಳ್ಳುತ್ತಿದ್ದರು.

"ನಾಚ್ಕೊಂಡ್ರೆ ಚಳಿ ಬಿಡುತ್ತಾ? ಕೊಡಿ ಇಲ್ಲಿ," ಎಂದು ಅವಳು ತನ್ನ ಭಾಷೆಯಲ್ಲೇ ಗದರುತ್ತಿದ್ದಳು. ಅವರಿಗೆ ಹೇಗೋ ಅರ್ಥವಾಗುತ್ತಿತ್ತು.

ಆಮೇಲೆ ಗೋಡೆಯ ಗೂಟದಿಂದ ಒಂದು ಜೋಡಿ ಇಳಿಸಿ, ಒಳಗೆ ಮೊಣಕೈವರೆಗೂ ಕೈ ತೂರಿಸಿ, ತುದಿಬೆರಳಿನಿಂದ ಮೆತ್ತೆಯನ್ನು ಒತ್ತಿ ನೋಡುತ್ತಿದ್ದಳು. ಎತ್ತರದ ಹಿಮಕ್ಕೆ ಹಾಕುವ ಬೂಟಿನಲ್ಲಿ ಹೊರಬೂಟೊಂದು, ಒಳಬೂಟೊಂದು. ಬೂಟಿನ ಆಯಸ್ಸು ಹೊರಗಿನ ಬಣ್ಣದಲ್ಲಿಲ್ಲ, ಒಳಬೂಟಿನ ಮೆತ್ತೆಯಲ್ಲಿದೆ ಎಂದು ಅವಳು ನಂಬಿದ್ದಳು. ಒತ್ತಿದಾಗ ನಾದಿದ ಹಿಟ್ಟಿನ ಹಾಗೆ ಮೆಲ್ಲಗೆ ಮೇಲೆದ್ದು ಬಂದರೆ ಅದಕ್ಕೆ ಜೀವವಿದೆ. ಒತ್ತಿದಲ್ಲೇ ಕೂತುಬಿಟ್ಟರೆ ಅದು ಸತ್ತ ಬೂಟು. ಸತ್ತ ಬೂಟನ್ನು ಬಾಗಿಲ ಹೊರಗಿನ ಬುಟ್ಟಿಗೆ ಹಾಕುತ್ತಿದ್ದಳು. ಕಣಿವೆಯಲ್ಲಿ ಹೊರೆ ಹೊರುವವರು ಅದನ್ನು ಕೊಂಡು ಇನ್ನೆರಡು ಮಳೆಗಾಲ ಸವೆಸುತ್ತಿದ್ದರು. ಹಳೆಯ ಹಗ್ಗವನ್ನಂತೂ ಅವಳು ಯಾರಿಗೂ ಮಾರಿದವಳಲ್ಲ. ಅದು ಬಟ್ಟೆ ಒಣಹಾಕುವುದಕ್ಕೆ, ಹೋರಿ ಕಟ್ಟುವುದಕ್ಕೆ.

ಹಿಮಬೆಟ್ಟ ಹತ್ತುವವರು ಹಾದುಹೋಗುವ ನಾಮ್ಚೆ ಬಜಾರಿನ ಮೇಲಿನ ಸಾಲಿನಲ್ಲಿತ್ತು ಆ ಅಂಗಡಿ. ಮಾವನ ಕಾಲದಲ್ಲಿ ಕೆಳ ಅಂತಸ್ತಿನಲ್ಲಿ ದನ ಕಟ್ಟುತ್ತಿದ್ದರು, ಮೇಲೆ ಮನೆ. ಮದುವೆಯಾದ ಹೊಸದರಲ್ಲಿ ಯಾಂಗ್ಜಿ ದನಗಳನ್ನು ಹಿಂದಿನ ಗೋಡೆಗೆ ಸಾಗಿಸಿ, ನೆಲಕ್ಕೆ ಹಲಗೆ ಬಡಿಸಿ, ಗೂಟ ಹೊಡೆದು ಬೂಟು ತೂಗುಹಾಕಿದಳು. ಪಕ್ಕದ ಚಹಾದಂಗಡಿಯ ಲ್ಹಾಮು ಅಜ್ಜಿ ಮೊದಲ ದಿನವೇ ಬಂದು ಮೂಗು ಮುಚ್ಚಿಕೊಂಡಿದ್ದಳು.

"ದನ ಇದ್ದಾಗ ಇಷ್ಟು ನಾತ ಇರಲಿಲ್ಲ ಕಣೇ ಯಾಂಗ್ಜಿ. ಇದ್ಯಾವ ದೇಶದ ಕಾಲು?"

"ಎಲ್ಲಾ ದೇಶದ್ದೂ ಇದೆ ಅಜ್ಜಿ. ನಿಮಗೆ ಯಾವುದು ಬೇಕು ಹೇಳಿ."

ಸರಕು ಎರಡು ದಾರಿಯಿಂದ ಬರುತ್ತಿತ್ತು. ಬೆಟ್ಟ ಹತ್ತಿ ಇಳಿದವರು ಹೊತ್ತೊಯ್ಯಲಾರದೆ ಬಿಟ್ಟುಹೋಗುವ ಡೇರೆ, ಹಕ್ಕಿಗರಿ ತುಂಬಿದ ಕೋಟು, ಹಿಮಗೊಡಲಿಗಳದು ಒಂದು ದಾರಿ. ಇನ್ನೊಂದು ಬಜಾರಿನವರದೇ ದಾರಿ. ಪ್ರತಿ ವಸಂತದಲ್ಲೂ ಕಾಠ್ಮಂಡುವಿನ ಕಂಪನಿಗಳು ತಮ್ಮ ಕೆಲಸಕ್ಕೆ ಹತ್ತುವ ಶೆರ್ಪಾಗಳಿಗೆ ಹೊಸ ಬೂಟು, ಹೊಸ ಕೋಟು ಕೊಡುತ್ತಿದ್ದವು. ಗಂಡಸರು ಪೆಟ್ಟಿಗೆಯ ಅಂಟುಪಟ್ಟಿಯನ್ನೂ ಬಿಚ್ಚದೆ ಅದನ್ನು ತಂದು ಅಂಗಡಿಗೆ ಕೊಟ್ಟು, ಹೋದ ವರ್ಷದ್ದನ್ನೋ ಅದರ ಹಿಂದಿನ ವರ್ಷದ್ದನ್ನೋ ಕಾಲಿಗೇರಿಸಿ ಹೊರಡುತ್ತಿದ್ದರು. ಆ ಹಣದಲ್ಲಿ ಸೂರಿಗೆ ತಗಡು ಬರುತ್ತಿತ್ತು, ಮಗುವಿಗೆ ಶಾಲೆ ಬರುತ್ತಿತ್ತು, ಮದುವೆಗೆ ಹವಳ ಬರುತ್ತಿತ್ತು. ಯಾರೂ ಅದನ್ನು ತಪ್ಪೆಂದು ತಿಳಿದಿರಲಿಲ್ಲ, ಜಾಣತನವೆಂದೇ ತಿಳಿದಿದ್ದರು. "ಹೊಸದು ಪೆಟ್ಟಿಗೆಗೆ, ಹಳೆಯದು ಬೆಟ್ಟಕ್ಕೆ" ಎಂದು ಒಂದು ಮಾತೇ ಇತ್ತು. ಹೊಸ ಬೂಟು ಹಾಕಿಕೊಂಡು ಬಜಾರು ದಾಟುವ ಶೆರ್ಪಾನನ್ನು "ಓಹೋ, ಮದುಮಗ ಹೊರಟ" ಎಂದು ಹೆಂಗಸರು ಕಿಟಕಿಯಿಂದ ಕೂಗಿ ಗೋಳು ಹೊಯ್ದುಕೊಳ್ಳುತ್ತಿದ್ದರು.

ಯಾಂಗ್ಜಿಯ ಗಂಡ ಕುಸಾಂಗ ಬಹಳ ಬೆಟ್ಟ ಕಂಡವನು. ಮಾತು ಕಡಿಮೆ, ಮಾತಿಗಿಂತ ನಗು ಹೆಚ್ಚು. ಆ ವಸಂತದಲ್ಲಿ ಅವನು ಹಳದಿ ಬೂಟಿನ ಪೆಟ್ಟಿಗೆಯೊಂದನ್ನು ತಂದು ಹೆಂಡತಿಯ ಮುಂದಿಟ್ಟ.

"ತಗೋ, ನಿನ್ನ ಕಿಟಕಿ."

"ಇದರಲ್ಲಿ ಕಿಟಕಿ ಎಲ್ಲಿದೆ? ಬೂಟು ಕಾಣ್ತಿದೆ."

"ಬೂಟಿನೊಳಗೆ ಕೈ ಹಾಕಿ ಏನೇನೋ ಕಾಣೋಳು ನೀನು. ಒಂದು ಕಿಟಕಿ ಕಾಣಲ್ವಾ?"

ಅಡುಗೆಮನೆಗೆ ಗಾಜಿನ ದೊಡ್ಡ ಕಿಟಕಿ ಬೇಕೆಂಬುದು ಅವಳ ಬಹಳ ದಿನದ ಆಸೆ. ಒಲೆಯ ಮುಂದೆ ಕೂತೇ ಮೇಲಿನಿಂದ ಇಳಿಯುವ ಹಾದಿ ಕಾಣಬೇಕು, ಬರುವವರು ಕಂಡ ಕೂಡಲೇ ಚಹಾಕ್ಕೆ ನೀರಿಡಬೇಕು. ಅವಳ ಮುಖ ಅರಳಿತು. ಆದರೂ ಕೇಳಿದಳು.

"ನಿನ್ನ ಕಾಲಿಗೆ?"

"ಹಳೇದಿದೆಯಲ್ಲ. ನನ್ನ ಕಾಲಿನ ಗುಣ ಅದಕ್ಕೆ ಗೊತ್ತು. ಹೊಸದು ಕಚ್ಚುತ್ತೆ."

ಅಂದೇ ಮಧ್ಯಾಹ್ನ ಬಿಳಿಗಡ್ಡದ ಪರದೇಶಿಯೊಬ್ಬ ಬಂದ. ಯಾಂಗ್ಜಿ ಅವನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಗಂಡನ ಕಾಲಿನ ಅಳತೆಯೇ. ಪೆಟ್ಟಿಗೆ ಬಿಚ್ಚಿ ತಾನೇ ಹಾಕಿ, ತಾನೇ ದಾರ ಕಟ್ಟಿ ಕಳಿಸಿದಳು. ಊರವರ ಬೂಟಿಗೆಲ್ಲ ಕೈ ಹಾಕಿ ಜೀವ ನೋಡುತ್ತಿದ್ದವಳು ಗಂಡನ ಹಳೆಯ ಬೂಟಿಗೆ ಕೈ ಹಾಕಲಿಲ್ಲ. ಅದು ಅಂಗಡಿಯ ಸರಕಲ್ಲ, ಮನೆಯ ಬೂಟು. ಮನೆಯ ತಟ್ಟೆಯನ್ನು ಯಾರಾದರೂ ತಟ್ಟಿ ಪರೀಕ್ಷಿಸುತ್ತಾರೆಯೇ? ಅದು ಬಾಗಿಲ ಹಿಂದೆ ಯಾವಾಗಲೂ ನಿಂತಿರುತ್ತಿತ್ತು. ಅವನು ಹಾಕಿಕೊಂಡು ಹೊರಟ. ಅವಳು ಅವನ ಕೊರಳಿಗೆ ಹಾರೈಕೆಯ ಬಿಳಿ ವಸ್ತ್ರ ಖತಾ ಹಾಕಿ, ತಿರುಗಿ ನೋಡದೆ ಒಳಗೆ ಬಂದಳು, ಪದ್ಧತಿಯಂತೆ.

ಮೇಲಿನ ಶಿಬಿರದಲ್ಲಿ ಗಾಳಿ ಎದ್ದ ರಾತ್ರಿ ಅವನ ಕಾಲು ಹೆಪ್ಪುಗಟ್ಟಿತು. ಬೆಳಿಗ್ಗೆ ಉಳಿದವರು ಇಳಿದರು. ಅವನಿಗೆ ನಿಲ್ಲುವುದಕ್ಕೇ ಆಗಲಿಲ್ಲ. ಇಬ್ಬರು ಅವನನ್ನು ಎಳೆದು ತರಲು ಹೆಣಗಿ, ಬಿಸಿಲು ಇಳಿಯುವ ಹೊತ್ತಿಗೆ ಬರಿಗೈಯಲ್ಲಿ ಬಂದರು. ಬೇರೆ ತಂಡದಲ್ಲಿದ್ದ ಅವನ ತಮ್ಮ ತೆಂಡಿ ಗಾಳಿ ನಿಂತ ಮೇಲೆ ಹತ್ತಿ ಹೋಗಿ, ಗೆಳೆಯರ ಜೊತೆ ಅಣ್ಣನನ್ನು ಕೆಳಗೆ ತಂದ.

ದೇಹವನ್ನು ದಿಣ್ಣೆಯ ಮೇಲೆ ಸುಡುವ ಮೊದಲು ಬೂಟು ತೆಗೆಯಬೇಕಾಗಿತ್ತು. ಬಿಚ್ಚಲು ಬರಲಿಲ್ಲ, ಕೊಯ್ದು ತೆಗೆದರು. ಕೊಯ್ದ ಬೂಟನ್ನು ಯಾರೋ ಯಾಂಗ್ಜಿಯ ಪಕ್ಕದಲ್ಲಿಟ್ಟರು. ಅವಳ ಕೈ ತನ್ನಷ್ಟಕ್ಕೆ ಒಳಗೆ ಹೋಯಿತು. ಮೆತ್ತೆ ಕಾಗದದ ಹಾಗೆ ಚಪ್ಪಟೆಯಾಗಿತ್ತು. ಸತ್ತು ಬಹಳ ಕಾಲವಾಗಿತ್ತು ಅದು. ಅವಳು ಕೈ ಹೊರತೆಗೆದು ಸೊಂಟಕ್ಕೆ ಕಟ್ಟಿದ ಪಟ್ಟೆಬಟ್ಟೆಗೆ ಒರೆಸಿಕೊಂಡಳು.

"ಆಯಸ್ಸು ತೀರಿತ್ತು ತಾಯಿ," ಎಂದರು ಲಾಮಾ. "ಎಣ್ಣೆ ತೀರಿದ ದೀಪಕ್ಕೆ ಗಾಳಿ ಒಂದು ನೆಪ."

ಆ ಮಾತನ್ನು ಯಾಂಗ್ಜಿ ಎರಡೂ ಕೈಯಲ್ಲಿ ಹಿಡಿದುಕೊಂಡಳು. ನೋಡಲು ಬಂದವರು ಗಾಳಿಯನ್ನು ಬೈದರೂ, ಕಂಪನಿಯನ್ನು ಬೈದರೂ, ಒಬ್ಬಿಬ್ಬರು ತಗ್ಗಿದ ದನಿಯಲ್ಲಿ ಬೂಟಿನ ಮಾತೆತ್ತಿದರೂ ಅವಳದು ಅದೇ ಉತ್ತರ. "ಬೂಟಿನಿಂದ ಏನಾಗುತ್ತೆ? ಆಯಸ್ಸು ತೀರಿತ್ತು." ಹೇಳಿ ಹೇಳಿ ಅದು ಮಣಿಸರದ ಹಾಗೆ ನುಣುಪಾಯಿತು. ಅವಳು ಅಳಲಿಲ್ಲ. ಸತ್ತವನ ದಾರಿಗೆ ಕಣ್ಣೀರು ಮಳೆಯಾಗಿ ಸುರಿಯುತ್ತದೆಂದು ಹಿರಿಯರು ಹೇಳುವುದುಂಟು. ಹೆಸರು ಹಿಡಿದು ಕರೆದರೆ ಅವನು ಹೋಗುವ ದಾರಿಯಲ್ಲಿ ತಿರುಗಿ ನೋಡುತ್ತಾನೆಂದೂ ಹೇಳುವುದುಂಟು. ಹಾಗಾಗಿ ಅಂದಿನಿಂದ ಆ ಮನೆಯಲ್ಲಿ ಅವನು ಡಿಕಿಯ ಅಪ್ಪ, ಅಷ್ಟೆ. ನಾವೂ ಇನ್ನು ಹಾಗೆಯೇ ಕರೆಯೋಣ.

ಮಗಳು ಡಿಕಿ ಕಾಠ್ಮಂಡುವಿನ ಶಾಲೆಯಲ್ಲಿದ್ದಳು. ಕಿಟಕಿ ಬಂದಿತ್ತು. ಕಣಿವೆಯಿಂದ ಗಾಜನ್ನು ಬೆನ್ನಿನ ಮೇಲೆ ಹೊತ್ತು ತಂದವನು ಅದನ್ನು ಕೂರಿಸಿ ಹೋದದ್ದು ಡಿಕಿಯ ಅಪ್ಪ ಹೊರಟ ವಾರದಲ್ಲೇ. ಯಾಂಗ್ಜಿ ಆ ಕಿಟಕಿಗೆ ಬೆನ್ನು ಹಾಕಿ ಅಡುಗೆ ಮಾಡುವುದನ್ನು ಕಲಿತಳು.

ಒಂದು ವರ್ಷ ಕಳೆದು ಮತ್ತೆ ಬಜಾರು ತುಂಬಿತು. ತೆಂಡಿ ಅಣ್ಣನ ಜಾಗದಲ್ಲಿ ಅದೇ ಕಂಪನಿಗೆ ಸೇರಿದ. ಅಣ್ಣನ ಎತ್ತರವಿಲ್ಲ, ಅಣ್ಣನ ಮೌನವೂ ಇಲ್ಲ. ಬಾಯಿ ತೆರೆದರೆ ತಮಾಷೆ. ಒಂದು ಬೆಳಿಗ್ಗೆ ಅಂಗಡಿಗೆ ಬಂದು ಹಳದಿ ಬೂಟಿನ ಪೆಟ್ಟಿಗೆ ಇಟ್ಟ.

"ಅತ್ತಿಗೆ, ದೊಡ್ಡ ಕಾಲಿನವರು ಯಾರಾದ್ರೂ ಬಂದ್ರೆ ಬಿಡಬೇಡಿ. ನನ್ನ ಅಳತೆ ಅಂದ್ರೆ ಯಾಕಿನ ಗೊರಸು, ಗಿರಾಕಿ ಸಿಗೋದು ಕಷ್ಟ."

"ಏನೋ ಇದು?"

"ಡಿಕಿ ಶಾಲೆ. ಈ ವರ್ಷದ್ದು ಇದರಲ್ಲಿ ಆಗುತ್ತೆ. ಮಿಕ್ಕಿದ್ರೆ ನನಗೊಂದು ಲೋಟ ಛಾಂಗ್."

"ನಿನ್ನ ಕಾಲಿಗೆ?"

ತನ್ನ ಬಾಯಿಂದ ಬಂದ ಮಾತು ತನ್ನ ಕಿವಿಗೇ ಬಿದ್ದು ಯಾಂಗ್ಜಿ ಬೆಚ್ಚಿದಳು. ತೆಂಡಿಗೆ ಅದು ಗೊತ್ತಾಗಲಿಲ್ಲ.

"ಹಳೇದಿದೆಯಲ್ಲ," ಎಂದ.

"ಬೇಡ ತೆಂಡಿ. ನೀನೇ ಹಾಕ್ಕೋ."

"ಏನತ್ತಿಗೆ ನೀವೂ! ಹೊಸದು ಹಾಕ್ಕೊಂಡು ಈ ಬಜಾರಲ್ಲಿ ನಡೆದ್ರೆ ಲ್ಹಾಮು ಅಜ್ಜಿ ಕೈಯಲ್ಲಿ ಉಳೀತೀನಾ? ಹೆಣ್ಣು ಯಾವೂರು ಅಂತಾಳೆ."

ಅವಳು ಇನ್ನೂ ಏನೋ ಹೇಳಬೇಕಿತ್ತು. ಆದರೆ ಹೇಗೆ ಹೇಳುವುದು? ಇವನಿಗೆ ಹೊಸ ಬೂಟು ಬೇಕೇ ಬೇಕು ಎಂದರೆ, ಅವನಿಗೂ ಬೇಕಿತ್ತು ಎಂದ ಹಾಗೆ. ಬೂಟಿನಿಂದ ಏನೂ ಆಗದು ಎಂದು ವರ್ಷವಿಡೀ ಹೇಳಿದ ಬಾಯಿ ಅದು. ತೆಂಡಿ ಶಿಳ್ಳೆ ಹಾಕುತ್ತ ಮೆಟ್ಟಿಲಿಳಿದು, ಪೂಜೆ ಮುಗಿಸಿ ಬರುತ್ತೇನೆಂದು ತಾನಿರುವ ಥಾಮೆ ಊರಿಗೆ ಹೋದ.

ಪೆಟ್ಟಿಗೆ ಅಟ್ಟದ ಮೇಲೆ ಕೂತಿತು. ಅವಳು ಅದರ ಕೆಳಗೆ ಓಡಾಡುತ್ತಿದ್ದಳು.

ಮರುದಿನ ದಪ್ಪ ಹೆಜ್ಜೆಯ ಪರದೇಶಿ ಹೆಂಗಸೊಬ್ಬಳನ್ನು ಕರೆದುಕೊಂಡು ಒಬ್ಬ ಗೈಡ್ ಬಂದ. ಅವಳ ಬೂಟಿನ ಚೀಲ ವಿಮಾನದಲ್ಲೇ ಕಳೆದುಹೋಗಿತ್ತಂತೆ. ಗೂಟದ ಮೇಲಿದ್ದ ಯಾವ ಜೋಡಿಯೂ ಅವಳಿಗೆ ಆಗಲಿಲ್ಲ. ಗೈಡ್ ತಲೆಯೆತ್ತಿ ನೋಡಿದ.

"ಮೇಲಿರೋದು ಯಾವ ಅಳತೆ ದೀದಿ?"

ಯಾಂಗ್ಜಿ ಪೆಟ್ಟಿಗೆ ಇಳಿಸಿದಳು. ಯಾಕೆ ಇಳಿಸಿದಳೋ, ಅಂಗಡಿಯವಳ ಕೈ ಅದು. ಅಂಟುಪಟ್ಟಿ ಸೀಳಿ, ಒಳಬೂಟು ಹಾಕಿಸಿ, ಹೊರಬೂಟು ಹಾಕಿಸಿ, ಮಂಡಿಯೂರಿ ದಾರ ಬಿಗಿದಳು. ಹೆಂಗಸು ಎದ್ದು ಎರಡು ಹೆಜ್ಜೆ ನಡೆದು ಮಗುವಿನ ಹಾಗೆ ನಕ್ಕಳು. ಹೇಳಿ ಮಾಡಿಸಿದ ಹಾಗಿತ್ತು. ಅವಳ ನಗು ನೋಡುತ್ತ ನೋಡುತ್ತ ಯಾಂಗ್ಜಿಗೆ ಬಿಳಿಗಡ್ಡದವನ ಹಿಮ್ಮಡಿ ತನ್ನ ಅಂಗೈಯಲ್ಲಿ ಬೆಚ್ಚಗೆ ಕೂತ ಹಾಗಾಯಿತು. ಅವಳು ಕುಕ್ಕರುಬಡಿದು ಕಟ್ಟಿದ ದಾರ ಬಿಚ್ಚತೊಡಗಿದಳು.

"ಇದು ಮಾರಾಟಕ್ಕಿಲ್ಲ."

"ಈಗ ತಾನೇ ಹಾಕಿದ್ರಲ್ಲ!"

"ಹಾಕಿದೆ. ತೆಗೀತಿದ್ದೀನಿ."

"ಕಾಲು ಬಿಡಿ ದೀದಿ, ಬೀಳ್ತಾರೆ ಅವರು! ಅಂಗಡಿ ಇಟ್ಟಿರೋದು ಪೂಜೆ ಮಾಡೋಕಾ?"

"ಹೌದು, ಪೂಜೆಗೇ. ಕೆಳಗಿನ ಸಾಲಲ್ಲಿ ಮೂರು ಅಂಗಡಿ ಇದೆ, ಅಲ್ಲಿ ಕೇಳಿ."

ಆ ಹೆಂಗಸು ಒಂದು ಕಾಲಲ್ಲಿ ನಿಂತು ಗೂಟ ಹಿಡಿದುಕೊಂಡು ಇಬ್ಬರನ್ನೂ ಬಿಟ್ಟ ಕಣ್ಣಿನಿಂದ ನೋಡುತ್ತಿದ್ದಳು. ಬೂಟು ಅಷ್ಟರಲ್ಲಿ ಯಾಂಗ್ಜಿಯ ತೊಡೆಯ ಮೇಲಿತ್ತು.

ಶನಿವಾರದ ಸಂತೆಯ ದಿನ ತೆಂಡಿ ಹೊರಡುವ ಸಿದ್ಧತೆಯಲ್ಲಿ ಬಂದ. ಗೈಡಿನ ಬಾಯಿಂದ ಲ್ಹಾಮು ಅಜ್ಜಿಗೆ, ಅಜ್ಜಿಯ ಬಾಯಿಂದ ಬಜಾರಿಗೆ ಸುದ್ದಿ ಮುಟ್ಟಿತ್ತು. ಅವನ ಮುಖದಲ್ಲಿ ತಮಾಷೆ ಇರಲಿಲ್ಲ.

"ಗಿರಾಕಿ ಬಂದ್ರೆ ಓಡಿಸಿದ್ರಂತೆ?"

"ಹೂಂ."

"ಬೂಟು ನಂದು ಅತ್ತಿಗೆ. ಮಾರೋ ಹಂಗಿಲ್ಲ ಅನ್ನೋಕೆ ನೀವು ಯಾರು?"

"ನಿನ್ನ ಹಳೇದು ತಗೊಂಡು ಬಾ ಇಲ್ಲಿ."

"ಯಾಕೆ?"

"ತಾ ಅಂದೆ."

ಅವನು ಚೀಲದ ಮೇಲೆ ಕಟ್ಟಿದ್ದ ಹಳೆಯ ಬೂಟು ಬಿಚ್ಚಿ ಎಸೆದ ಹಾಗೆ ಇಟ್ಟ. ಅವಳು ಕೈ ತೂರಿಸಿದಳು. ಒತ್ತಿದಲ್ಲೇ ಕೂತಿತು ಮೆತ್ತೆ. ಇನ್ನೊಂದರಲ್ಲೂ ಅಷ್ಟೆ.

"ಇದು ಸತ್ತಿದೆ."

"ಹೋದ ವರ್ಷ ಇದರಲ್ಲೇ ಹತ್ತಿಲ್ವಾ? ಅಣ್ಣನ್ನ ಕೆಳಗೆ ತರೋಕೆ ಇದರಲ್ಲೇ ಹೋಗಿಲ್ವಾ? ಬೂಟಿನಿಂದ ಏನೂ ಆಗಲ್ಲ ಅಂತ ನೀವೇ ಅಂತಿದ್ರಿ, ಈಗ ನನಗೆ ಮಾತ್ರ ಬೂಟು ಬೇಕು!"

"ನೀನು ಇದನ್ನ ಹಾಕ್ಕೊಂಡು ಹೋಗೋ ಹಾಗಿಲ್ಲ."

"ಕುಸಾಂಗಣ್ಣನ ಬೂಟು ಮಾರಿದ್ದು ಯಾರು ಮತ್ತೆ?"

ಹೆಸರು ಹೊರಗೆ ಬಿದ್ದಿತ್ತು. ಒಂದು ವರ್ಷ ಯಾರೂ ಮುಟ್ಟದ ಹೆಸರು. ಬಾಗಿಲಲ್ಲಿ ಆಲೂಗಡ್ಡೆಯ ಬುಟ್ಟಿ ಇಳಿಸುತ್ತಿದ್ದ ಹೆಂಗಸು ಹಾಗೇ ನಿಂತಳು. ತೆಂಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡ.

"ಅತ್ತಿಗೆ, ನಾನು..."

"ನಾನೇ," ಎಂದಳು ಯಾಂಗ್ಜಿ. "ನಾನೇ ಮಾರಿದ್ದು. ದಾರಾನೂ ನಾನೇ ಕಟ್ಟಿದ್ದು."

ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಮಣೆಯ ಮೇಲೆ ಕೂತು ತನ್ನ ಚಪ್ಪಲಿ ಬಿಟ್ಟಳು. ಹೊಸ ಪೆಟ್ಟಿಗೆಯಿಂದ ಹಳದಿ ಬೂಟು ತೆಗೆದು ತನ್ನ ಸಣ್ಣ ಕಾಲುಗಳನ್ನು ಒಂದೊಂದಾಗಿ ಅದರೊಳಗೆ ಇಳಿಸಿದಳು. ಹಗೇವಿಗೆ ಇಳಿದ ಹಾಗಿತ್ತು. ದಾರ ಬಿಗಿದು ಎದ್ದು, ಗೋಡೆ ಹಿಡಿದು ಸರಿಯಾಗಿ ನಿಂತು, ಬಾಗಿಲಿಂದ ಹೊರಗೆ ಕಾಲಿಟ್ಟಳು.

"ಎಲ್ಲಿಗೆ?" ಎಂದ ತೆಂಡಿ.

ಹಿಂದಿನ ದಿನ ಬಿದ್ದ ಹಿಮ ಕರಗಿ ಬಜಾರೆಲ್ಲ ಕೆಸರು. ಸಂತೆಗೆ ಹೊರೆ ತಂದ ಝೋಪ್ಕ್ಯೊ ಹೋರಿಗಳು ಮೆಟ್ಟಿಲಿನುದ್ದಕ್ಕೂ ಸಗಣಿ ಹಾಕಿದ್ದವು. ಯಾಂಗ್ಜಿ ಒಂದನ್ನೂ ದಾಟಲಿಲ್ಲ. ಹುಡುಕಿ ಹುಡುಕಿ ತುಳಿದಳು. ಹಳದಿ ಬೂಟು ಕಲ್ಲಿಗೆ ಟಪ್ಪೆಂದು ಬಡಿಯುತ್ತಿತ್ತು, ಒಂದು ಕಾಲೆತ್ತಿದರೆ ಹಿಮ್ಮಡಿ ಒಳಗೇ ಜಾರುತ್ತಿತ್ತು. ಬಾತುಕೋಳಿಯ ಹಾಗೆ ಆಚೀಚೆ ವಾಲುತ್ತ ಅವಳು ಸಂತೆಯ ನಡುವೆ ಇಳಿದಳು. ಮೊದಲು ಯಾರೋ ಮಕ್ಕಳು ನಕ್ಕರು. ಆಮೇಲೆ ಅಕ್ಕಿಯವರು, ಆಮೇಲೆ ಮಾಂಸದವರು, ಆಮೇಲೆ ಎಲ್ಲರೂ.

"ಮದುಮಗಳು ಬಂದ್ಲಪ್ಪೋ!"

"ಯಾಂಗ್ಜಿ ದೀದಿ, ಶಿಖರಕ್ಕೆ ಇವತ್ತೇನಾ?"

"ಹಗ್ಗ ಮರೆತು ಬಂದೆಯಲ್ಲೇ!"

ಅವಳೂ ಒಂದು ಸಲ ನಕ್ಕಳು, ಎಡವಿದಾಗ. ಕೆಳಗಿನ ನೀರಿನ ಕಾಲುವೆಯವರೆಗೆ ಹೋಗಿ, ಅದರೊಳಗೆ ಇಳಿದು, ಚೂಪುಕಲ್ಲಿಗೆ ಬೂಟಿನ ಮೂತಿ ಉಜ್ಜಿ, ಮತ್ತೆ ಮೆಟ್ಟಿಲು ಹತ್ತಿದಳು. ಚಹಾದಂಗಡಿಯ ಕಟ್ಟೆಯ ಮೇಲೆ ಲ್ಹಾಮು ಅಜ್ಜಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಅವಳೊಬ್ಬಳೇ ನಗುತ್ತಿರಲಿಲ್ಲ.

"ಏನೇ ಈ ಕುಣಿತ? ಬೂಟಿನಿಂದ ಏನಾಗುತ್ತೆ, ಆಯಸ್ಸು ತೀರಿತ್ತು ಅಂದೋಳು ನೀನೇ ಅಲ್ವಾ?"

ಯಾಂಗ್ಜಿ ನಿಂತಳು. ಬೂಟಿನೊಳಗೆ ಅವಳ ಕಾಲು ಬೆಚ್ಚಗಿತ್ತು. ಕಾಲುವೆಯ ಹಿಮದ ನೀರಲ್ಲಿ ನಿಂತು ಬಂದಿದ್ದರೂ ಬೆಚ್ಚಗಿತ್ತು, ಒಲೆಯ ಮುಂದೆ ಚಾಚಿಕೊಂಡಷ್ಟು. ಅದನ್ನು ಅವಳು ಅಷ್ಟು ಹೊತ್ತೂ ಗಮನಿಸದೆ ಇರಲು ನೋಡುತ್ತಿದ್ದಳು.

"ಲಾಮಾ ಅಂದದ್ದನ್ನ ಅಂದೆ ಅಜ್ಜಿ," ಎಂದಳು ಸಣ್ಣ ದನಿಯಲ್ಲಿ. "ನಾನು ಅಂಗಡಿಯವಳು. ನನಗೂ ಗೊತ್ತಿರಬೇಕಿತ್ತಲ್ಲ."

ಅಜ್ಜಿಯ ಕೈ ಸೊಂಟದಿಂದ ಕೆಳಗಿಳಿಯಿತು. ಅವಳು ದಾರಿಯ ನಡುವೆ ನಿಂತು ನಗುತ್ತಿದ್ದವರ ಕಡೆ ತಿರುಗಿ, "ಏನ್ರೋ ನೋಡ್ತೀರ? ನಿಮ್ಮ ನಿಮ್ಮ ಕಾಲು ನೋಡ್ಕೊಳ್ಳಿ," ಎಂದು ಗದರಿದಳು.

ಅಂಗಡಿಗೆ ಬಂದು ಯಾಂಗ್ಜಿ ಬೂಟು ಕಳಚಿ ತೆಂಡಿಯ ಮುಂದಿಟ್ಟಳು. ಹಳದಿಯೆಲ್ಲ ಸಗಣಿಯ ಬಣ್ಣ, ಮೂತಿಯಲ್ಲಿ ಗೀರು.

"ಈಗ ಇದು ಹಳೇದು. ಹಳೇದು ಬೆಟ್ಟಕ್ಕೆ. ಹಾಕ್ಕೊಂಡು ಹೋಗು."

"ಡಿಕಿ ಶಾಲೆ?"

"ಶಾಲೆಗೆ ಇನ್ನೊಂದು ದಾರಿ ಇರುತ್ತೆ ಕಣೋ."

ಅವನ ಹಳೆಯ ಜೋಡಿಯನ್ನು ಅವಳು ತಾನೇ ಎತ್ತಿಕೊಂಡು ಹೋಗಿ ಬಾಗಿಲ ಹೊರಗಿನ ಬುಟ್ಟಿಗೆ ಹಾಕಿದಳು. ತೆಂಡಿ ಒಂದು ಚಿಂದಿ ಕೇಳಿ ಇಸಿದುಕೊಂಡು ಸಗಣಿ ಒರೆಸತೊಡಗಿದ.

ಬಜಾರಿನ ಪದ್ಧತಿ ಅದರಿಂದೇನೂ ಬದಲಾಗಲಿಲ್ಲ. ಹೊಸ ಪೆಟ್ಟಿಗೆ ತಂದವರನ್ನು ಯಾಂಗ್ಜಿ ಮಣೆಯ ಮೇಲೆ ಕೂರಿಸಿ ಹಳೆಯದನ್ನು ತೋರಿಸೆಂದು ಕೇಳತೊಡಗಿದಳು. ಅವರು ನಕ್ಕು, ತಲೆ ಕೆರೆದುಕೊಂಡು, ಕೆಳಗಿನ ಸಾಲಿನ ಅಂಗಡಿಗಳಿಗೆ ಹೋದರು. ಅವಳ ಗೂಟಗಳು ಒಂದೊಂದೇ ಬರಿದಾದವು.

ಬೆಟ್ಟದ ಮೇಲೆ ಈ ವರ್ಷವೂ ಗಾಳಿ ಎದ್ದ ಸುದ್ದಿ ಫೋನಿನಲ್ಲಿ ಬಂತು. ಮೇಲಿನ ಶಿಬಿರದಲ್ಲಿ ಡೇರೆ ಹರಿದಿದೆ, ಜನ ಸಿಕ್ಕಿಕೊಂಡಿದ್ದಾರೆ, ಯಾರೆಂದು ಗೊತ್ತಿಲ್ಲ. ಯಾಂಗ್ಜಿ ಅಂಗಡಿ ಮುಚ್ಚಿ ಮೇಲೆ ಹೋಗಿ, ಬೆನ್ನು ಹಾಕುತ್ತಿದ್ದ ಕಿಟಕಿಯ ಕಡೆಗೆ ಮುಖ ಮಾಡಿ ಕೂತಳು. ಲ್ಹಾಮು ಅಜ್ಜಿ ಉಪ್ಪುಚಹಾದ ಥರ್ಮಾಸ್ ತಂದು ಪಕ್ಕದಲ್ಲಿಟ್ಟು ಕೂತಳು. ಹೆಲಿಕಾಪ್ಟರ್ ಬಜಾರಿನ ಮೇಲೆ ಹಾರಿ ಕೆಳಗೆ ಹೋಯಿತು. ಯಾರದೋ ಕಾಲು ಹೋಗಿದೆ ಎಂದರು. ಯಾರದು? ಕೆಳಗಿನ ಊರಿನವನು, ಹೆಸರು ತಿಳಿಯದು. ಅದು ತೆಂಡಿಯಲ್ಲ ಎಂದು ತಿಳಿದಾಗ ಅವಳಿಗಾದ ಸಮಾಧಾನಕ್ಕೆ ಅವಳೇ ನಾಚಿದಳು.

ಅವನು ಬಂದದ್ದು ಅದಾದ ಕೆಲವು ದಿನಕ್ಕೆ, ಬಿಸಿಲಿರುವ ಒಂದು ಬೆಳಿಗ್ಗೆ, ತಾನೇ ನಡೆದುಕೊಂಡು. ಮೂಗು ತುಟಿ ಸುಟ್ಟು ಕಪ್ಪಾಗಿದ್ದವು. ಕೆನ್ನೆ ಒಳಗೆ ಹೋಗಿತ್ತು. ಅಡುಗೆಮನೆಯ ಬೆಂಚಿನ ಮೇಲೆ ಕೂತು ಕಾಲುಚೀಲ ಕಿತ್ತು ಎರಡೂ ಪಾದ ಚಾಚಿದ.

"ನೋಡಿ ಅತ್ತಿಗೆ. ಕೊಟ್ಟಷ್ಟೂ ವಾಪಸ್ ತಂದಿದ್ದೀನಿ."

ಹತ್ತೂ ಬೆರಳಿದ್ದವು. ಕೊಳೆಯಾಗಿ, ಸಿಪ್ಪೆಯೆದ್ದು, ಕೆಂಪಗೆ, ಜೀವಂತ. ಯಾಂಗ್ಜಿ ಹಿಮ್ಮಡಿಯನ್ನು ಅಂಗೈಗೆ ತೆಗೆದುಕೊಂಡಳು. ಬಿಡಲಿಲ್ಲ.

"ಹೆಂಗಿತ್ತೋ?" ಎಂದಳು ಅಜ್ಜಿ.

"ಡೇರೆ ಹೋಯ್ತು ಅಜ್ಜಿ. ಇಡೀ ರಾತ್ರಿ ಬಂಡೆ ಮರೆಯಲ್ಲಿ ಕೂತಿದ್ವಿ. ಮುಖದ ಮೇಲೆ ಚಾಕು ಎಳೆದಂಗೆ ಗಾಳಿ. ನನ್ನ ಪಕ್ಕದವನು ಕಾಲು ಕಾಲು ಅಂತ ಅಳ್ತಿದ್ದ, ಆಮೇಲೆ ಸುಮ್ಮನಾದ, ಏನೂ ಗೊತ್ತಾಗ್ತಿಲ್ಲ ಅಂದ. ಹಳೇ ಬೂಟು ಅವನದು. ನನಗೆ ಕೈ ಹೋಯ್ತು ಅನ್ನಿಸ್ತು, ಮೂಗು ಹೋಯ್ತು ಅನ್ನಿಸ್ತು. ಕಾಲು ಮಾತ್ರ ಬೆಚ್ಚಗಿತ್ತು ನೋಡಿ. ಮನೇಲಿ ಕೂತಂಗೆ. ಅದೇ ಜಾಗ ಅಜ್ಜಿ, ಅಣ್ಣ..."

ಅಲ್ಲಿಗೆ ನಿಲ್ಲಿಸಿದ. ಯಾಂಗ್ಜಿಯ ತಲೆ ಅವನ ಪಾದದ ಮೇಲೆ ಬಾಗಿತ್ತು. ಭುಜ ಅಲುಗುತ್ತಿರಲಿಲ್ಲ. ಅದನ್ನು ನೋಡಿ ತೆಂಡಿಗೆ ತಾನು ಏನು ಹೇಳಿಬಿಟ್ಟೆ ಎಂಬುದು ಹೊಳೆಯಿತು. ಅವನು ಅವಸರ ಅವಸರವಾಗಿ ಮಾತು ಜೋಡಿಸತೊಡಗಿದ.

"ಆದ್ರೆ ಅಷ್ಟೇನೂ ಚಳಿ ಇರಲಿಲ್ಲ ಅತ್ತಿಗೆ. ನಿಜವಾಗಲೂ. ಹೋದ ವರ್ಷದಂಗಲ್ಲ. ಆವತ್ತಿನ ಗಾಳಿಗೆ ಯಾವ ಬೂಟೂ ತಡೀತಿರಲಿಲ್ಲ, ಹೊಸದಾಗಿದ್ರೂ ಅಷ್ಟೇ. ಎಲ್ರೂ ಅದನ್ನೇ ಅಂದ್ರು. ಆಯಸ್ಸು ಅನ್ನೋದು..."

"ಸುಳ್ಳು ಹೇಳಬೇಡ ಕಣೋ," ಎಂದಳು ಯಾಂಗ್ಜಿ.

ಎದ್ದು ಒಲೆಯ ಮುಂದೆ ಹೋಗಿ ಕೂತಳು. ಕಾವಲಿಯ ಮೇಲೆ ಆಲೂ ರೊಟ್ಟಿ ತಿರುವಿಹಾಕಿ, ಮೇಲೆ ಬೆಣ್ಣೆ ಇಟ್ಟು, ಖಾರದ ಚಟ್ನಿಯ ಬಟ್ಟಲಿನ ಜೊತೆ ತಟ್ಟೆಯನ್ನು ಅವನ ಕಡೆಗೆ ಸರಿಸಿದಳು. ಆಗ ಅವಳ ಕಣ್ಣಿಂದ ನೀರು ಬರತೊಡಗಿತ್ತು. ಒರೆಸಿಕೊಳ್ಳಲಿಲ್ಲ, ದನಿಯನ್ನೂ ತಡೆಯಲಿಲ್ಲ. ಕೆಳಗಿನ ಬೀದಿಯವರೆಗೂ ಕೇಳುವಷ್ಟು ಜೋರಾಗಿತ್ತು ಅಳು. ಲ್ಹಾಮು ಅಜ್ಜಿ ಸತ್ತವನ ದಾರಿಗೆ ಮಳೆಯಾಗುತ್ತದೆ ಸುಮ್ಮನಿರು ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡಳು.

"ತಿನ್ನು," ಎಂದಳು ಯಾಂಗ್ಜಿ ಅಳುವಿನ ನಡುವೆಯೇ. "ಬಿಸಿ ಇರೋವಾಗಲೇ ತಿನ್ನು."

ತೆಂಡಿ ತಲೆ ತಗ್ಗಿಸಿ, ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ.